ಟೀಚರ್ ಹೇಳಿಕೊಟ್ಟ ಉತ್ತರ

ಟೀಚರ್ ಕೈಕೆಳಗೆ ಕಲಿತವರು ಯಾರೂ ಫೇಲಾದದ್ದಿಲ್ಲ. ಅಂಥದ್ದರಲ್ಲಿ ಕಟ್ಟಿಕೊಂಡ ಗಂಡನೇ ಫೇಲಾದರೆ ಮುಖ ಎಲ್ಲಿಡುವುದು?

ಗಂಡ ವಾಚ್ ರಿಪೇರಿಯವರು. ರಕ್ತದ ಕ್ಯಾನ್ಸರಿಗೆ ಬೇರೆ ಯಾವ ಔಷಧಿಯೂ ನಾಟದೆ, ಡಾಕ್ಟರು ಅವರದೇ ಬಿಳಿ ರಕ್ತಕಣಗಳನ್ನು ತೆಗೆದು, ಲ್ಯಾಬಿನಲ್ಲಿ ತಿದ್ದಿ ತೀಡಿ, ಕ್ಯಾನ್ಸರ್ ಮೇಲೆ ಛೂಬಿಡಲೆಂದು ಮತ್ತೆ ಮೈಗೆ ಹರಿಸಿದ್ದರು. "ಈ ಕಣಗಳು ಜೋರು. ಜ್ವರ ಬರಬಹುದು, ಬಿಪಿ ಇಳೀಬಹುದು, ತಲೆ ಗೊಂದಲ ಆಗಬಹುದು. ಅದಕ್ಕೇ ದಿನಾ ಪ್ರಶ್ನೆ ಕೇಳ್ತೀವಿ. ಬೇಗ ಗೊತ್ತಾದ್ರೆ ಔಷಧಿ ಇದೆ, ತಡವಾದ್ರೆ ಜೀವಕ್ಕೇ ಕುತ್ತು," ಎಂದೂ ಹೇಳಿದ್ದರು. ಇಷ್ಟೆಲ್ಲದರಲ್ಲಿ ಟೀಚರ್ ಕಿವಿಗೆ ಬಿದ್ದದ್ದು ಪ್ರಶ್ನೆ ಎಂಬ ಒಂದೇ ಮಾತು.

ದಿನಾ ಅವೇ ಪ್ರಶ್ನೆಗಳು. ಇದು ಯಾವ ತಿಂಗಳು, ಏನಾದರೊಂದು ತೋರಿಸಿ ಇದೇನು, ನೂರರಿಂದ ಹಿಂದಕ್ಕೆ ಎಣಿಸಿ. ನರ್ಸ್ ಬರುವ ಮುಂಚೆ ಟೀಚರ್ ಗಂಡನಿಗೆ ಎಲ್ಲವನ್ನೂ ಉರು ಹೊಡೆಸುತ್ತಿದ್ದರು. "ನಾನೇನು ಪರೀಕ್ಷೆಗೆ ಕೂತಿದೀನೇನೇ?" ಎಂದು ಅವರು ಗೊಣಗಿದರೆ, "ಸುಮ್ನೆ ಹೇಳ್ರೀ," ಎಂದು ಗದರುತ್ತಿದ್ದರು.

ಜ್ವರ ಏರಿದ ಮರುದಿನ ನರ್ಸ್ ವಾಚು ಕಟ್ಟಿದ ತನ್ನ ಮುಂಗೈ ಚಾಚಿ ಕೇಳಿದಳು, "ಇದೇನು, ಅಂಕಲ್?"

ಜೀವಮಾನವೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ಬಿಚ್ಚಿದ ಮನುಷ್ಯ ಅದನ್ನು ಪಿಳಿಪಿಳಿ ನೋಡಿದರು. ನರ್ಸ್ ಬೆನ್ನ ಹಿಂದೆ ಟೀಚರ್ ತುಟಿಯಾಡಿಸಿದರು. "ವಾ... ಚು," ಎಂದರು ಗಂಡ. ಎಣಿಕೆಗೆ ಟೀಚರ್ ಬೆರಳು ತೋರಿಸಿದರು. ಅಂತೂ ಪಾಸಾಯಿತು.

ನರ್ಸ್ ಹೋದಮೇಲೆ ಗಂಡ ಬಹಳ ವಿನಯದಿಂದ ಹೇಳಿದರು, "ಚೆನ್ನಾಗಿ ಹೇಳಿಕೊಟ್ರಿ, ಮೇಡಂ. ನಮ್ಮ ಮನೆಯವಳು ಬಂದಿದ್ಲಾ?"

ಟೀಚರ್ ಓಡಿದರು. ಕಾರಿಡಾರಿನಲ್ಲಿ ನರ್ಸ್ ತೋಳು ಹಿಡಿದು, "ಅವರು ಫೇಲಮ್ಮ! ಎಲ್ಲಾ ನಾನೇ ಹೇಳಿಕೊಟ್ಟೆ," ಎಂದರು. ಇನ್ನೊಬ್ಬರನ್ನು ಫೇಲು ಎಂದದ್ದು ಅವರ ಆಯುಷ್ಯದಲ್ಲೇ ಮೊದಲು.

ಡಾಕ್ಟರು ಬಂದರು, ಸ್ಟೆರಾಯ್ಡ್ ಏರಿತು, ಟೀಚರಿಗೆ ಬೈಗುಳವೂ ಸಿಕ್ಕಿತು. ಅಂದಿನಿಂದ ಪ್ರಶ್ನೆಯ ಹೊತ್ತಿಗೆ ಅವರನ್ನು ಬಾಗಿಲಾಚೆ ನಿಲ್ಲಿಸತೊಡಗಿದರು. ಗಂಡ ಉತ್ತರಕ್ಕಾಗಿ ಬಾಗಿಲ ಗಾಜಿನ ಮೂಲಕ ಇವರತ್ತಲೇ ನೋಡುತ್ತಿದ್ದರು. ಟೀಚರ್ ಕೈಕಟ್ಟಿ, ತುಟಿ ಬಿಗಿಹಿಡಿದು ನಿಂತಿರುತ್ತಿದ್ದರು. ಗಂಡ ದಿನಾ ಫೇಲಾಗುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ನರ್ಸ್ ಮುಂಗೈ ಚಾಚಿದಾಗ ಗಂಡ ಬಾಗಿಲತ್ತ ನೋಡಲೇ ಇಲ್ಲ. ಅವಳ ಕೈಯನ್ನೇ ಎಳೆದು ಕಿವಿಗೆ ಹಿಡಿದುಕೊಂಡರು.

"ವಾಚು. ಸ್ಲೋ ಓಡ್ತಿದೆಯಲ್ಲಮ್ಮ. ಸರ್ವಿಸ್ ಮಾಡಿಸಿ ಎಷ್ಟು ಕಾಲ ಆಯ್ತು?"

ಅರೆತೆರೆದ ಬಾಗಿಲಾಚೆ ಟೀಚರ್ ಬಿಕ್ಕಿ ಬಿಕ್ಕಿ ಅತ್ತರು. ಗಂಡ ಗಾಬರಿಯಾದರು.

"ನನ್ನ ಹೆಂಡ್ತಿ ಯಾಕೆ ಅಳ್ತಿದಾಳೆ? ತಪ್ಪು ಹೇಳಿದ್ನಾ?"