ಟೈಲರಕ್ಕ ಕೊಟ್ಟ ಹೆಸರುಗಳು

ಟೈಲರಕ್ಕನ ತಮ್ಮ ಡಬ್ಬಿ ಕಾರ್ಖಾನೆಯಲ್ಲಿ ತಗಡು ಒತ್ತುವ ಮೆಷಿನ್ ನಡೆಸುತ್ತಿದ್ದ. ಮೆಷಿನ್ನಿನೊಳಗೆ ಕೈ ಹೋಗದಂತೆ ತಡೆಯುವ ಪಟ್ಟಿ ಕಿತ್ತುಹೋಗಿದೆ ಅಂತ ಬಡಕೊಂಡರೂ ಮೇಸ್ತ್ರಿ ಕೆಲಸ ನಿಲ್ಲಿಸಲಿಲ್ಲ. ಆ ದಿನವೇ ಹುಡುಗನ ಎಡಗೈ ಮಣಿಕಟ್ಟಿನವರೆಗೆ ಜಜ್ಜಿಹೋಯಿತು. ತಪ್ಪೆಲ್ಲ ಅವನದೇ ಅಂತ ಬರೆದು ಕಾರ್ಖಾನೆ ಕೈತೊಳೆದುಕೊಂಡಿತು.

ಅಕ್ಕ ಅವನನ್ನು ಕರೆದುಕೊಂಡು ಕಾರ್ಮಿಕ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದಳು. ಏಳನೇ ಸಲ ಹೋದಾಗ ಅಲ್ಲಿನ ಸಾಹೇಬ, "ಇನ್ನೊಂದು ಕೈ ಇದೆಯಲ್ಲಮ್ಮ. ಚಪ್ಪಾಳೆ ಹೊಡೆಯೋದೊಂದು ಬಿಟ್ಟು ಎಲ್ಲಾ ಮಾಡಬಹುದು" ಅಂದ. ಗುಮಾಸ್ತರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗ ಮೊಂಡುಗೈಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಆಮೇಲೆ ಎರಡು ವರ್ಷ ಮನೆಯ ಬಾಗಿಲು ದಾಟಲಿಲ್ಲ. ದಾಟಿದ ದಿನ ನೆಟ್ಟಗೆ ರೈಲು ಹಳಿಗೆ ಹೋದ.

ಟೈಲರಕ್ಕನ ಕಿವಿಯಲ್ಲಿ ಆ ನಗು ಮನೆ ಮಾಡಿಕೊಂಡಿತು. ಮೆಷಿನ್ ತುಳಿಯುತ್ತಾ ತುಳಿಯುತ್ತಾ ಸಾಹೇಬನನ್ನು ಮನಸ್ಸಿನಲ್ಲೇ ನೂರು ಸಲ ಸಾಯಿಸಿದಳು. ಕಚೇರಿ ಎದುರು ಮರದಡಿ ಕೂರುವ ಟೈಪಿಸ್ಟ್ ತಾತ ಒಬ್ಬರೇ ಅವಳ ಪಾಲಿಗೆ ನಿಂತವರು. ಸಾಹೇಬನ ಮೇಲೆ ಒಂಬತ್ತು ಅರ್ಜಿ ಬಿಟ್ಟಿಯಾಗಿ ಟೈಪ್ ಮಾಡಿಕೊಟ್ಟಿದ್ದರು. "ಕೋರ್ಟಿದೆ ಮಗಳೇ, ಕಾಯೋಣ" ಅನ್ನುತ್ತಿದ್ದರು. ಕೇಸು ಮಾತ್ರ ಆಮೆಯನ್ನೂ ನಾಚಿಸುವ ಹಾಗೆ ತೆವಳುತ್ತಿತ್ತು.

ಅಂಥ ಹೊತ್ತಿಗೆ ಚುನಾವಣೆಗೆ ನಿಂತು ಬಂದವನು 'ನಮ್ಮವನು'. ಹೆಸರು ಹಿಡಿದು ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಪಕ್ಕದ ಮನೆಯವಳ ಕಾಟಕ್ಕೆ ಟೈಲರಕ್ಕ ಅವನ ಭಾಷಣಕ್ಕೆ ಹೋದಳು. ಅವನು ಅರಚಲಿಲ್ಲ. ಪಕ್ಕದಲ್ಲಿ ಕೂತು ಮಾತಾಡುವವನ ಹಾಗೆ ಹೇಳಿದ: "ನಿಮ್ಮನ್ನ ನೋಡಿ ಯಾರೋ ನಕ್ಕಿದ್ದಾರೆ. ನಂಗೊತ್ತು. ನನ್ನನ್ನೂ ನೋಡಿ ನಕ್ಕಿದ್ರು. ಆ ಮುಖ ಮರೀಬೇಡಿ. ನನಗೊಂದು ಅವಕಾಶ ಕೊಡಿ, ಆ ನಗು ನಿಲ್ಲಿಸ್ತೀನಿ."

ತಮ್ಮ ಸತ್ತಾಗಲೂ ಅಳದವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು.

ಮಾರನೇ ದಿನದಿಂದ ಅವನ ಬಾವುಟ ಹೊಲಿದಳು, ಮನೆಮನೆ ತಿರುಗಿದಳು. ತಾತ ಕೇಳಿದರು, "ಕೆಲಸ ಕೊಡ್ತೀನಿ, ಆಸ್ಪತ್ರೆ ಕಟ್ತೀನಿ ಅಂತೇನೂ ಅವನು ಹೇಳಲಿಲ್ಲವಲ್ಲಮ್ಮ?"

"ಅದೆಲ್ಲ ಹೇಳಿದೋರನ್ನ ನೋಡಿಯಾಯ್ತು ತಾತ. ನನಗೆ ಬೇಕಾದ್ದನ್ನ ಹೇಳಿದೋನು ಇವನೊಬ್ಬನೇ."

ಅವನು ಗೆದ್ದ. ವರ್ಷ ತುಂಬುವುದರೊಳಗೆ ಕೋರ್ಟಿಗೆ ಬೀಗ ಬಿತ್ತು. ಅವಳ ಕೇಸಿನ ಕಡತವೂ ಒಳಗೇ ಉಳಿಯಿತು, ಅವಳು ಕ್ಯಾರೇ ಅನ್ನಲಿಲ್ಲ. ಕೋರ್ಟಿನ ಬದಲು ಬಡಾವಣೆಗೊಂದು ದೂರಿನ ಕಿಟಕಿ ತೆರೆದಿತ್ತು. ಸರದಿಯಲ್ಲಿ ನಿಂತು ಸಾಹೇಬನ ಹೆಸರು ಕೊಟ್ಟು ಬಂದಳು.

ಒಂಬತ್ತನೇ ದಿನ ಸಾಹೇಬ ಅವಳ ಅಂಗಡಿಯ ಬೀದಿಯಲ್ಲೇ ಕಸ ಗುಡಿಸುತ್ತಿದ್ದ. 'ಜನರನ್ನು ನೋಡಿ ನಕ್ಕವನು' ಅಂತ ಬರೆದ ಹಲಗೆ ಕೊರಳಲ್ಲಿ ನೇತಾಡುತ್ತಿತ್ತು. ಅವಳು ಕತ್ತರಿಯನ್ನು ಕೈಯಲ್ಲಿ ಹಿಡಿದೇ ಇಳಿದು ಹೋಗಿ ಎದುರು ನಿಂತಳು. ಎಷ್ಟು ವರ್ಷ ಕಾದಿದ್ದ ಗಳಿಗೆ!

"ನಾನ್ಯಾರು ಗೊತ್ತಾಯ್ತಾ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಇಲ್ಲಮ್ಮ."

ಕೈ ಹೋದ ಹುಡುಗನ ವಿಷಯ, ಆಡಿದ ಮಾತು, ನಕ್ಕ ನಗು ಎಲ್ಲ ಹೇಳಿದಳು. ಅವನು ಪೊರಕೆ ಕೆಳಗಿಟ್ಟು ಕೈಮುಗಿದ. "ಕ್ಷಮಿಸಿ ತಾಯಿ. ನಿಜವಾಗ್ಲೂ ನೆನಪಾಗ್ತಿಲ್ಲ."

ಅವಳ ಮೈಗೆ ಬೆಂಕಿ ಬಿದ್ದಂತಾಯಿತು. ಅವಳ ಮನೆ ಹಾಳು ಮಾಡಿದವನಿಗೆ ಅದು ನೆನಪಿಟ್ಟುಕೊಳ್ಳುವಷ್ಟು ದೊಡ್ಡ ಸಂಗತಿಯೂ ಆಗಿರಲಿಲ್ಲ. ಅಷ್ಟರಲ್ಲಿ ಟೈಪಿಸ್ಟ್ ತಾತ ಒಂದು ಲೋಟ ನೀರು ಹಿಡಿದು ಬಂದು ಸಾಹೇಬನ ಕೈಗಿತ್ತರು.

"ಯಾರಿಗೆ ಕೊಡ್ತಿದೀರ ತಾತ?"

"ಗೊತ್ತಮ್ಮ. ಇವನನ್ನ ಕಟಕಟೆಯಲ್ಲಿ ನಿಲ್ಲಿಸಬೇಕು ಅಂತ ಬೆರಳು ಸವೆಸಿದೋನು ನಾನೇ. ಹೀಗೆ ಬೀದೀಲಿ ನಿಲ್ಲಿಸೋಕಲ್ಲ."

ಬೀದಿಯ ಜನರೆಲ್ಲ ತಾತನ ಬದಲು ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು ಅವಳಿಗೆ. ಅವತ್ತೇ ಸಂಜೆ ಕಿಟಕಿಗೆ ಹೋಗಿ ಎರಡನೇ ಹೆಸರು ಕೊಟ್ಟಳು. ಮೊದಲನೆಯದಕ್ಕೆ ವರ್ಷಗಟ್ಟಲೆ ಕುದಿಯಬೇಕಾಗಿತ್ತು. ಎರಡನೆಯದು ಬಾಯಿಂದ ತಾನೇ ಜಾರಿತು.

ನಾಲ್ಕು ದಿನ ಕಳೆದು ತಾತನ ಹೆಂಡತಿ ಅಂಗಡಿಗೆ ಬಂದರು. "ನಿನ್ನ ಮಾತು ಆ ಕಿಟಕಿಯೋರ ಹತ್ರ ನಡೆಯುತ್ತಂತೆ ಮಗಳೇ. ನಿಮ್ಮ ತಾತನ್ನ ಏನೋ ತಪ್ಪಾಗಿ ಹಿಡಕೊಂಡು ಹೋಗಿದಾರೆ. ಒಂದು ಮಾತು ಹೇಳಿ ಬಿಡಿಸು."

ಟೈಲರಕ್ಕನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ತಪ್ಪಾಗಿದೆ ಅಂತ ಒಪ್ಪಿದರೆ ನಮ್ಮವನೂ ತಪ್ಪು ಮಾಡುತ್ತಾನೆ ಅಂತ ಒಪ್ಪಿದಂತೆ. ಆಗ ತಮ್ಮನಿಗೆ ಸಿಕ್ಕಿದ್ದು ನ್ಯಾಯ ಅಂತ ಯಾವ ಬಾಯಲ್ಲಿ ಹೇಳಿಕೊಳ್ಳುವುದು?

"ನಮ್ಮವನು ಸುಮ್ಮಸುಮ್ಮನೆ ಯಾರನ್ನೂ ಹಿಡಿಸಲ್ಲ ಅಜ್ಜಿ" ಅಂದಳು. "ತಾತ ಏನೋ ಮಾಡಿರಬೇಕು."

ಅಜ್ಜಿ ಅವಳ ಮುಖ ನೋಡಿದರು. ಹೆಸರು ಕೊಟ್ಟವಳು ಯಾರು ಅಂತ ಅವರಿಗೆ ಅರ್ಥವಾಯಿತು. ಎದ್ದು ಹೋದರು. ತಾತ ಮತ್ತೆ ಬರಲಿಲ್ಲ.

ಮುಂದಿನ ತಿಂಗಳು ನಮ್ಮವನು ಊರಿಗೆ ಬಂದಾಗ ಟೈಲರಕ್ಕ ಬೆಳಗ್ಗೆಯೇ ಅಂಗಡಿ ಮುಚ್ಚಿ ಹೋಗಿ ಮೊದಲ ಸಾಲು ಹಿಡಿದಳು. ಅವನು ವೇದಿಕೆ ಹತ್ತುತ್ತಿದ್ದಂತೆ ಗಂಟಲು ಹರಿಯುವ ಹಾಗೆ ಜೈಕಾರ ಕೂಗಿದಳು. ಕೂಗುತ್ತಲೇ ಹಿಂದೆ ತಿರುಗಿ, ಯಾರ ಬಾಯಿ ಮುಚ್ಚಿದೆ ಅಂತ ಒಂದೊಂದೇ ಮುಖ ನೋಡುತ್ತಾ ಹೋದಳು.