ಬಾಗಿಲಿನ ಕಲಂ

ಊಟ ಮುಗಿಸಿ ಬಂದ ಸಂಸತ್ತಿಗೂ ಅದೇ ಹೊತ್ತಿನ ನಾಲ್ಕನೇ ತರಗತಿಗೂ ಅಂಥ ವ್ಯತ್ಯಾಸವೇನಿಲ್ಲ ಎಂಬುದು ಟೀಚರಮ್ಮನ ಅನುಭವ. ಎರಡನ್ನೂ ಅವರು ಬೇಕಾದಷ್ಟು ನೋಡಿದ್ದರು. ಅರ್ಧ ಆಯಸ್ಸು ಸರ್ಕಾರಿ ಶಾಲೆಯಲ್ಲಿ ಸೀಮೆಸುಣ್ಣದ ಪುಡಿ ಕುಡಿದು, ಆಮೇಲೆ ಚುನಾವಣೆಗೆ ನಿಂತು ಗೆದ್ದು ಬಂದವರು. ಸಂಸತ್ತಿನ ಬಾಗಿಲು ಕಾಯುವವರಿಗೂ ಅವರು ಟೀಚರಮ್ಮನೇ.

ಆ ದಿನ ಸಭೆಯ ಮುಂದಿದ್ದುದು ಅವರು ವರ್ಷಗಟ್ಟಲೆ ಹೊತ್ತು ತಿರುಗಿದ್ದ ಶಿಕ್ಷಣ ಮಸೂದೆ. ಸರ್ಕಾರಿ ಶಾಲೆಯ ಯಾವ ತರಗತಿಯೂ ಮೇಷ್ಟರಿಲ್ಲದೆ ಇರಕೂಡದು ಎಂಬ ಕಲಂ ಬೆಳಿಗ್ಗೆಯೇ ಪಾಸಾಗಿತ್ತು. ಖರ್ಚು ಸರ್ಕಾರದ್ದು, ಯಾರ ಗಂಟೇನು ಹೋಗಬೇಕು? ಉಳಿದದ್ದು ಖಾಸಗಿ ಶಾಲೆಗಳ ಕಲಂ. ಮಗುವನ್ನು ಸೇರಿಸಿಕೊಳ್ಳುವಾಗ ಮಗುವಿಗಾಗಲಿ ಹೆತ್ತವರಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಅಕ್ಕಪಕ್ಕದ ಬೀದಿಯ ಮಕ್ಕಳಿಗೇ ಮೊದಲ ಜಾಗ. ಇದನ್ನು ಎಲ್ಲರೂ ಬಾಗಿಲಿನ ಕಲಂ ಎನ್ನುತ್ತಿದ್ದರು. ಇದು ಬಿದ್ದರೆ ಮಸೂದೆ ಉಳಿದೂ ಸತ್ತಂತೆ.

ಅದನ್ನು ಕಿತ್ತುಹಾಕಿ ಎಂದು ಸೂಚನೆ ಕೊಟ್ಟವನು ಬೇರೆ ಯಾರೂ ಅಲ್ಲ, ಟೀಚರಮ್ಮನ ಒಡಹುಟ್ಟಿದ ತಮ್ಮ. ಎದುರು ಪಕ್ಷದ ಮುಂದಿನ ಸಾಲಿನ ನಾಯಕ, ಊರೂರಿಗೆ ಖಾಸಗಿ ಶಾಲೆ ಕಟ್ಟಿದವನು. ಅವನ ಶಾಲೆಯ ಸಂದರ್ಶನಕ್ಕೆ ಹೆತ್ತವರು ಹೊಸ ಬಟ್ಟೆ ಹೊಲಿಸಿಕೊಂಡು, ಹೆಣ್ಣು ನೋಡಲು ಹೊರಟವರಿಗಿಂತ ಹೆಚ್ಚು ಬೆವರುತ್ತಾ ಬರುತ್ತಿದ್ದರು.

ಇದೇ ತಮ್ಮ ಚಿಕ್ಕವನಿದ್ದಾಗ ಒಂದು ಖಾಸಗಿ ಶಾಲೆಯ ಹೆಡ್‌ಮಾಸ್ತರರ ಮುಂದೆ ಅಮ್ಮನ ಬೆರಳು ಹಿಡಿದು ನಿಂತಿದ್ದ. ಕೇಳಿದ್ದಕ್ಕೆ ಅಮ್ಮನಿಗೆ ಉತ್ತರ ಬರಲಿಲ್ಲ. ಮಗನಿಗೆ ಸೀಟು ಸಿಗಲಿಲ್ಲ. ಮರುದಿನ ಅಕ್ಕನೇ ಅವನ ಕೈ ಹಿಡಿದು ತಾನು ಓದುವ ಸರ್ಕಾರಿ ಶಾಲೆಯಲ್ಲಿ ಕೂರಿಸಿದಳು. ಅಮ್ಮ ಮಾತ್ರ ಸಾಯುವ ತನಕ ಆ ಖಾಸಗಿ ಶಾಲೆಯ ಬೀದಿಯಲ್ಲಿ ಕಾಲಿಡಲಿಲ್ಲ. ಈ ಕಥೆಯನ್ನು ಸಭೆಯಲ್ಲಿ ಹೇಳಿಬಿಡಿ, ನಿಮ್ಮ ತಮ್ಮ ಮತ್ತೆ ತಲೆ ಎತ್ತುವುದಿಲ್ಲ ಎಂದು ಪಕ್ಷದವರು ದುಂಬಾಲು ಬಿದ್ದರು. ಅಮ್ಮನ ಅವಮಾನವನ್ನು ಮೈಕಿನ ಮುಂದೆ ಹರಡುವುದಿಲ್ಲ ಎಂದು ಟೀಚರಮ್ಮ ಖಡಾಖಂಡಿತವಾಗಿ ಹೇಳಿದ್ದರು.

ಆ ಸಭೆಯಲ್ಲೊಂದು ಹಳೆಯ ಪದ್ಧತಿಯಿತ್ತು. ಯಾರಾದರೂ ಒಂದು ಕಲಂ ತೆಗೆಯಿರಿ ಎಂದರೆ ಸಭಾಧ್ಯಕ್ಷರು ‘ತೆಗೆಯೋಣವೇ’ ಎಂದು ಕೇಳುವುದಿಲ್ಲ. ‘ಇರಲಿ ಎನ್ನುವವರು ಹೌದು ಎನ್ನಿ’ ಎಂದೇ ಕೇಳುತ್ತಾರೆ. ಹೊಸಬರು ಎಡವುವುದು ಇಲ್ಲೇ. ಆ ದಿನ ತೂಕಡಿಕೆಯಲ್ಲಿದ್ದ ಹಳಬರೂ ಎಡವಿದರು. ತಮ್ಮ ಪಕ್ಷದ ನಾಯಕನ ಸೂಚನೆ ಮತಕ್ಕೆ ಬಂತು ಎಂಬುದಷ್ಟೇ ಕಿವಿಗೆ ಬಿದ್ದು, ಎದುರು ಪಕ್ಷದವರು ಹಿಂದೆ ಮುಂದೆ ನೋಡದೆ ಒಕ್ಕೊರಲಿನಿಂದ ‘ಹೌದು’ ಎಂದು ಕೂಗಿಬಿಟ್ಟರು. ಬೇಡ ಎನ್ನುವವರು ಯಾರೆಂದು ಕೇಳಿದರೆ ಪಿಟ್ಟೆಂದವರಿಲ್ಲ. ಕಲಂ ಪಾಸಾಯಿತು.

ಎದುರಿನ ಸಾಲಿನಲ್ಲಿ ತಮ್ಮನ ಮುಖ ಸುಣ್ಣದಂತಾಗಿತ್ತು. ಅವನಿಗೆ ಅರ್ಥವಾಗಿತ್ತು, ಆದರೆ ತನ್ನವರೇ ಕೂಗಿದ್ದನ್ನು ಯಾವ ಬಾಯಲ್ಲಿ ತಪ್ಪೆನ್ನುವುದು? ಇತ್ತ ಟೀಚರಮ್ಮನ ಕಡೆಯವರು ನಗು ತಡೆಯಲು ಕೆಮ್ಮುತ್ತಿದ್ದರು. ಅಷ್ಟರಲ್ಲಿ ಟೀಚರಮ್ಮ ಎದ್ದು ನಿಂತರು. ಪಕ್ಕದವರು ತೋಳು ಹಿಡಿದು ಕೂರಿಸಲು ನೋಡಿದರು.

“ಅಧ್ಯಕ್ಷರೇ, ಎದುರಿನವರು ಪ್ರಶ್ನೆ ಕೇಳಿಸಿಕೊಳ್ಳದೆ ಉತ್ತರ ಹೇಳಿದ್ದಾರೆ. ಇನ್ನೊಂದು ಸಲ ಕೇಳಿ. ತಲೆ ಎಣಿಸಿ.”

ನೀವು ಗೆದ್ದಿದ್ದೀರಿ, ಗೊತ್ತಿದೆಯೇ ಎಂದು ಸಭಾಧ್ಯಕ್ಷರು ಮೆಲ್ಲಗೆ ಕೇಳಿದರು.

“ಗೊತ್ತಿದೆ. ನಾಳೆ ಈ ಕಲಂ ಹಿಡಿದು ಒಂದು ಮಗು ಒಳಗೆ ಕಾಲಿಟ್ಟರೆ, ‘ನೀನು ಕಣ್ತಪ್ಪಿ ಒಳಗೆ ಬಂದವಳು’ ಅಂತ ಯಾರೂ ಅದಕ್ಕೆ ಅನ್ನಬಾರದು. ಸೋತರೆ ಮತ್ತೆ ಬರ್ತೀನಿ. ಕದ್ದು ಒಳಗೆ ಬಿಡೋಕೆ ನಮ್ಮ ಮಕ್ಕಳೇನು ಕಳ್ಳರಲ್ಲ.”

ಕೈಗೆ ಬಂದ ತುತ್ತನ್ನು ಹೀಗೆ ತಟ್ಟೆಗೆ ವಾಪಸ್ಸು ಹಾಕಿದವರನ್ನು ಆ ಸಭೆ ಕಂಡಿರಲಿಲ್ಲ. ತೂಕಡಿಸುತ್ತಿದ್ದವರೆಲ್ಲ ನೆಟ್ಟಗೆ ಕೂತರು. ಸ್ವಂತ ಪಕ್ಷದಲ್ಲೇ ಬಹಳ ಮಂದಿ ಆ ಕಡೆಗೂ ಸೇರದೆ ಈ ಕಡೆಗೂ ಸೇರದೆ ಗೋಡೆಯ ಮೇಲೆ ಕೂತವರೆಂದು ಟೀಚರಮ್ಮನಿಗೆ ಗೊತ್ತಿತ್ತು. ಈ ಮಸೂದೆಗೆ ಯಾವ ಪಕ್ಷವೂ ಮೂಗುದಾರ ಹಾಕಿರಲಿಲ್ಲ. ಅವರವರ ಮನಸ್ಸು ಅವರವರ ಮತ.

ಕಲಂ ಇರಲಿ ಎನ್ನುವವರು ಬಲಗಡೆಯ ಓಣಿಗೆ ಬಂದು ನಿಲ್ಲಬೇಕೆಂದು ಅಪ್ಪಣೆಯಾಯಿತು. ಟೀಚರಮ್ಮ ಮೊದಲು ಹೋಗಿ ನಿಂತರು. ಒಬ್ಬೊಬ್ಬರಾಗಿ ಬಂದರು, ಗೋಡೆಯ ಮೇಲಿನವರೂ ನಾಚಿಕೊಂಡು ಇಳಿದು ಬಂದರು. ಆದರೂ ಸಾಲದು. ಎದುರು ಪಕ್ಷದವರೆಲ್ಲ ತಮ್ಮನ ಮುಖವನ್ನೇ ನೋಡುತ್ತಿದ್ದರು.

ಅವನು ಅಕ್ಕನನ್ನು ನೋಡುತ್ತಿದ್ದ. ಅಮ್ಮನ ಕಥೆ ಇವತ್ತು ಹೊರಬರುತ್ತದೆ ಎಂದು ಅವನು ಬೆಳಗಿನಿಂದ ಮೈಯೆಲ್ಲ ಹಿಡಿಯಾಗಿ ಕೂತಿದ್ದ. ಅಕ್ಕ ಆ ಕಥೆಯನ್ನೂ ಹೇಳಲಿಲ್ಲ, ಬಂದ ಗೆಲುವನ್ನೂ ಇಟ್ಟುಕೊಳ್ಳಲಿಲ್ಲ. ತನ್ನ ಶಾಲೆಗಳಲ್ಲಿ ಈಗ ಆ ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕೂತಿರುವವನು ತಾನೇ ಎಂಬುದು ಯಾರೂ ಹೇಳದೆಯೇ ಅವನಿಗೆ ನಾಟಿತ್ತು.

ಅವನು ಎದ್ದ. ಸಭೆಯ ನಡುವಿನ ಮೇಜನ್ನು ಬಳಸಿ ನೇರ ಬಲಗಡೆಗೆ ನಡೆದ. ಟೀಚರಮ್ಮನಿಗೆ ಕಣ್ಣು ತುಂಬಿ ಎದುರಿನದೆಲ್ಲ ಮಂಜಾಯಿತು. ಕಿವಿಯ ಹತ್ತಿರ ಮಾತೊಂದು ಕೇಳಿಸಿತು.

“ಅಕ್ಕ, ಸ್ವಲ್ಪ ಜರುಗು. ಜಾಗ ಕೊಡು.”

ಜರುಗಲು ಜಾಗವೆಲ್ಲಿತ್ತು? ಅವನ ಬೆನ್ನ ಹಿಂದೆ ಅರ್ಧ ಎದುರು ಪಕ್ಷವೇ ಎದ್ದು ಬರುತ್ತಿತ್ತು.