ಹದಿನೇಳನೆಯ ಪಾವಟಿಗೆ

ಊರಿನ ಹೆಸರು ಬೇಡ. ವಾಡಿಗೂ ಸೇಡಂಗೂ ನಡುವೆ ಎಲ್ಲೋ ಒಂದು ಕಡೆ ಇದೆ ಅಂದುಕೊಂಡರೆ ಸಾಕು. ಹೆಸರು ಹೇಳಿದರೆ ಅಲ್ಲಿನ ಪುರಸಭೆಯವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ನಮಗೂ ನಾಳೆ ನಳದ ನೀರು ಬೇಕಲ್ಲ.

ಆ ಊರಿನ ಬೀದಿ ದೀಪಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಬಾಬುಮಿಯಾ. ಮೂವತ್ತೊಂದು ವರ್ಷದ ನೌಕರಿ, ಬರುವ ಮೇ ತಿಂಗಳ ಕೊನೆಗೆ ನಿವೃತ್ತಿ. ಅವನ ಕೈಗೆ ಪುರಸಭೆ ಕೊಟ್ಟಿದ್ದು ಒಂದೇ ಒಂದು ದೊಡ್ಡ ಸಾಮಾನು: ನಾಲ್ಕು ಕಬ್ಬಿಣದ ಗಾಲಿಗಳ ಮೇಲೆ ನಿಂತ, ಇಪ್ಪತ್ತನಾಲ್ಕು ಪಾವಟಿಗೆಗಳ ಸಾಗುವಾನಿ ನಿಚ್ಚಣಿಕೆ. ಅವನು ನೌಕರಿಗೆ ಸೇರುವ ಮೊದಲೇ, ಚಿಂಚೋಳಿ ತಾಲೂಕಿನ ಕುಂಚಾವರಂ ಕಾಡಿನ ಮರ ತರಿಸಿ ಮಾಡಿಸಿದ್ದು. ಬಾಬುಮಿಯಾ ಅದಕ್ಕೆ ಎಣ್ಣೆ ಹಚ್ಚಿದ, ಮೊಳೆ ಬಡಿದ, ಮಳೆಗಾಲದಲ್ಲಿ ತಾಡಪತ್ರಿ ಹೊದಿಸಿದ. ಅಷ್ಟು ಜೋಪಾನ ತನಗೂ ಮಾಡಿಲ್ಲವೆಂದು ಹೆಂಡತಿ ಅಮೀರ್ಬೀ ಮಂದಿಯ ಮುಂದೆಲ್ಲ ಹೇಳಿಕೊಂಡು ಬರುತ್ತಿದ್ದಳು. ಸುಳ್ಳೇನೂ ಅಲ್ಲ.

ಅದರ ಮೇಲೆ ಹತ್ತಿ ನಿಂತರೆ ಬಾಬುಮಿಯಾನಿಗೆ ಊರು ಬೇರೆಯೇ ಆಗಿಬಿಡುತ್ತಿತ್ತು. ಕೆಳಗೆ ಮಂದಿಗೆ ಕೆಮ್ಮು ತರಿಸುವ ಸಿಮೆಂಟ್ ಫ್ಯಾಕ್ಟರಿಗಳ ಧೂಳು ಹೊತ್ತು ಮುಳುಗುವಾಗ ಮೇಲೆ ಬಂಗಾರದ ಬಣ್ಣಕ್ಕೆ ತಿರುಗಿ, ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿತ್ತು. ಫರಸಿ ಕಲ್ಲು ಹಾಸಿದ ಮಾಳಿಗೆಗಳ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ, ಕೂದಲು ಬಿಚ್ಚಿ ಕೂತ ಹೆಂಗಸರು, ಪುಸ್ತಕದ ಮೇಲೆ ಮಲಗಿಬಿಟ್ಟ ಹುಡುಗಿ. ಆಜಾನು, ಮಠದ ಗಂಟೆ, ವಾಡಿ ಕಡೆಯ ರೈಲಿನ ಕೂಗು ಎಲ್ಲವೂ ನೀರಿನೊಳಗಿಂದ ಬಂದಂತೆ ನಿಧಾನ ಬರುತ್ತಿದ್ದವು. ಬಲ್ಬು ಕೂಡಿಸುವುದು ಎರಡು ನಿಮಿಷದ ಕೆಲಸ, ಅವನು ಇಳಿಯುತ್ತಿದ್ದದ್ದು ಇಪ್ಪತ್ತು ನಿಮಿಷಕ್ಕೆ.

ಹಳೇ ಬಸ್ ಸ್ಟ್ಯಾಂಡಿನ ಚೌಕದ ಕಂಬದಿಂದ ಮಾತ್ರ ಇನ್ನೊಂದು ಕಾಣುತ್ತಿತ್ತು. ಊರು ಮುಗಿದು, ತೊಗರಿ ಹೊಲಗಳೂ ಮುಗಿದ ಮೇಲೆ, ಆಕಾಶದ ಅಂಚಿಗೆ ಹೊಳೆಯುವ ಒಂದು ಗೆರೆ. ಅದು ಕಾಗಿಣಾ ಹೊಳೆಯೆಂದು ಬಾಬುಮಿಯಾ ಮೂವತ್ತೊಂದು ವರ್ಷದಿಂದ ಹೇಳುತ್ತಿದ್ದ. "ಯಾವುದರೆ ಫ್ಯಾಕ್ಟರಿ ತಗಡಿನ ಪತ್ರಾ ಇರಬೇಕು, ಬಿಸಲಿಗೆ ಹೊಳೀತದ" ಎಂದು ಅಮೀರ್ಬೀ ಮೂವತ್ತೊಂದು ವರ್ಷದಿಂದ ಅನ್ನುತ್ತಿದ್ದಳು. ಅವನಿಗೂ ಖಾತ್ರಿ ಇರಲಿಲ್ಲ. ಇಪ್ಪತ್ತೊಂದನೆಯ ಪಾವಟಿಗೆ ದಾಟಿದರೆ ಹಿಡಿದುಕೊಳ್ಳಲು ಏನೂ ಇಲ್ಲ, ಅದಕ್ಕಿಂತ ಮೇಲೆ ಅವನು ಎಂದೂ ಹೋಗಿರಲಿಲ್ಲ. ನೌಕರಿಯ ಕೊನೆಯ ದಿನ ಮಾತ್ರ ಇಪ್ಪತ್ತನಾಲ್ಕಕ್ಕೂ ಹತ್ತಿ, ಒಮ್ಮೆ ಸರಿಯಾಗಿ ನೋಡಿ, ಇಳಿದು ಮನೆಗೆ ಹೋಗಬೇಕು. ಈ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಅರವತ್ತರ ಹತ್ತಿರ ಬಂದವನು ಇಂಥದ್ದು ಹೇಳಿದರೆ ಮಂದಿ ನಗುತ್ತಾರೆ.

ಜನವರಿ ಬಂತು. ಪುರಸಭೆಯಲ್ಲಿ ಜನವರಿಯೆಂದರೆ ಬಜೆಟ್ಟಿನ ತಯಾರಿ. ಲೆಕ್ಕದ ಶಾಖೆಯ ಶರಣಕುಮಾರ ಪ್ರತಿ ಶಾಖೆಗೂ ಒಂದು ಹಾಳೆ ಹಂಚುತ್ತಿದ್ದ: ಬದಲಿಸಬೇಕಾದ ಸಾಮಗ್ರಿಗಳ ಪಟ್ಟಿ. ಇರುವ ಸಾಮಾನು ಯಾವುದು, ಸ್ಥಿತಿ ಹೇಗಿದೆ, ದೋಷಗಳೇನು, ಬಳಸುವವನ ಸಹಿ. ಬಾಬುಮಿಯಾ ಎಂದಿನಂತೆ ಸ್ಥಿತಿಯ ಮುಂದೆ "ಸುಸ್ಥಿತಿ" ಎಂದು ದುಂಡಗೆ ಬರೆಯಲು ಪೆನ್ನು ತೆಗೆದ.

"ಕುಂದ್ರಿ ಚಾಚಾ, ಜರಾ ತಡೀರಿ" ಎಂದ ಶರಣಕುಮಾರ. "ಒಂಬತ್ತು ವರ್ಷದ ಹಾಳಿ ತಗದು ನೋಡೀನಿ. ಒಂಬತ್ತೂ ಸಲ ಇದೇ ಬರದೀರಿ. ಕಂಬದ ತನಕ ಏರಸೋ ಲಿಫ್ಟ್ ಗಾಡಿ ಬೇಕು ಅಂತ ಪ್ರತಿ ವರ್ಷ ಮಾತು ಬರ್ತದ. ಇದ್ದದ್ದು ಚಂದ ಅದ ಅಂತ ನಿಮ್ಮ ಸಹಿ ನೋಡಿ ತಗದು ಹಾಕ್ತಾರ."

"ಚಂದ ಅದ, ಅದಕ್ಕ ಚಂದ ಅದ ಅಂತ ಬರದೀನಿ."

"ಕಸದ ಟ್ರ್ಯಾಕ್ಟರಿನವರು ಏನ್ ಮಾಡ್ತಾರ ಗೊತ್ತದಲ್ಲ? ಟ್ರಾಲಿ ಮಳಿಯಾಗ ಬಿಡ್ತಾರ, ತುಕ್ಕು ಹಿಡಸ್ತಾರ, ಐದು ವರ್ಷಕ್ಕೊಂದು ಹೊಸಾದು ತರ್ತಾರ. ನೀವು ಜೋಪಾನ ಮಾಡಿ ಮಾಡಿ ಊರಿಗೆ ಒಂದ್ ಲಿಫ್ಟ್ ಬರದಂಗ ಮಾಡೀರಿ."

ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ಸರಕಾರವಂತೂ ತಾಯಿಯಲ್ಲ. ಆದರೆ ಬಾಬುಮಿಯಾನಿಗೆ ಆ ಮಾತು ಚುಚ್ಚಿತು. ಚೆನ್ನಾಗಿ ಇಟ್ಟುಕೊಂಡದ್ದೇ ತಪ್ಪಾದರೆ ಮೂವತ್ತೊಂದು ವರ್ಷ ತಾನು ಮಾಡಿದ್ದೇನು? ಮೂರು ದಿನದಲ್ಲಿ ಕೊಡುತ್ತೇನೆಂದು ಹಾಳೆ ಮಡಚಿ ಕಿಸೆಗೆ ಹಾಕಿಕೊಂಡು ಎದ್ದುಬಂದ.

ಅವನ ಜಾಗಕ್ಕೆ ಬರುವವಳು ಆಗಲೇ ಬಂದಿದ್ದಳು. ದಾನೇಶ್ವರಿ, ಮೂವತ್ತೆರಡರ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಐಟಿಐ ಕಲಿತವಳು. ತವರು ತೆಲುಗು ಬೆರೆತ ಕುಂಚಾವರಂ. ನವೆಂಬರಿನಲ್ಲಿ ಮೊದಲ ದಿನವೇ ನಿಚ್ಚಣಿಕೆಗೆ ಮೂಗು ಹಚ್ಚಿ ಮೂಸಿ, "ಇದು ನಮ್ ಕಡಿ ಟೇಕು ಚೆಟ್ಟು, ಸಾಗುವಾನಿ ಗಿಡ, ಚಾಚಾ" ಎಂದಿದ್ದಳು. ಅಂದಿನಿಂದ ಬಾಬುಮಿಯಾನಿಗೆ ಅವಳ ಮೇಲೆ ಮಗಳ ಮೇಲಿನಂಥ ಮಮತೆ. ಆದರೆ ಎರಡು ತಿಂಗಳಾದರೂ ಅವಳನ್ನು ಹತ್ತಲು ಬಿಟ್ಟಿರಲಿಲ್ಲ. ಅವಳು ತಳ ಹಿಡಿಯಬೇಕು, ಅವನು ಹತ್ತಬೇಕು.

ಅದೇ ಸಂಜೆ ಚೌಕದ ಕಂಬದ ದೀಪ ಕೆಟ್ಟಿತ್ತು. ಇಬ್ಬರೂ ನಿಚ್ಚಣಿಕೆ ದಬ್ಬಿಕೊಂಡು ಹೋದರು. ದಾನೇಶ್ವರಿ ಸೆರಗು ಸೊಂಟಕ್ಕೆ ಬಿಗಿದು ಅವನ ಮುಂದೆ ನಿಂತಳು.

"ಇವತ್ತು ನಾ ಏರ್ತೀನಿ ಚಾಚಾ. ಮೇ ಆದ ಮ್ಯಾಲ ಯಾರು ಏರೋರು? ನಾನೇ ಅಲ್ಲೇನು?"

ಬಾಬುಮಿಯಾ ತಂತಿ ಹಿಡಿಯುವ ಪಕ್ಕಡನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದ. ಅವಳು ಹತ್ತಿದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬಾಬುಮಿಯಾ ಕೆಳಗೆ ನಿಂತು ತಳ ಹಿಡಿದ. ಬಂಗಾರದ ಧೂಳಿನಲ್ಲಿ ಅವಳ ಹಿಮ್ಮಡಿಗಳು ಒಂದೊಂದೇ ಮೇಲೇರುವುದನ್ನು ನೋಡುತ್ತಾ ಅವನಿಗೆ ಒಂಥರಾ ಮಂಪರು ಬಂತು. ತಾನೇ ಹತ್ತುತ್ತಿರುವಂತೆ, ತನ್ನನ್ನೇ ತಾನು ಕೆಳಗಿನಿಂದ ನೋಡುತ್ತಿರುವಂತೆ. ಹದಿನಾಲ್ಕು, ಹದಿನೈದು, ಹದಿನಾರು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದ.

ಹದಿನೇಳರ ನಟ್ಟನಡುವೆ ಅವಳು ಕಾಲಿಟ್ಟಳು. ಪಾವಟಿಗೆ ಗಿರ್ರನೆ ತಿರುಗಿತು.

ಅವಳ ಎರಡೂ ಕಾಲು ಗಾಳಿಯಲ್ಲಿದ್ದವು. ಪಕ್ಕಡು ಕೆಳಗೆ ಬಿದ್ದು ಫರಸಿ ಕಲ್ಲಿಗೆ ಬಡಿದು ಸಿಡಿಯಿತು. ಚಹಾದ ಅಂಗಡಿಯವರು ಕೂಗಿದರು. ಬಾಬುಮಿಯಾ ತಳವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಅವಳು ತೋಳಿನ ಬಲದ ಮೇಲೆ ಜೋತಾಡಿ, ಕಾಲಿಂದ ಹುಡುಕಿ ಹುಡುಕಿ ಹದಿನಾರನ್ನು ಹಿಡಿದು, ನಿಧಾನ ಇಳಿದು ಬಂದಳು. ಮುಖ ಸುಣ್ಣದಂತಾಗಿತ್ತು.

"ಹದಿನೇಳಕ್ಕ ನಡು ಕಾಲಿಡಬಾರದು ಬೇಟಿ" ಎಂದ ಬಾಬುಮಿಯಾ. "ಎಡಕ್ಕ ಒತ್ತಿ ಇಡಬೇಕು."

"ನೀವು ಹೇಳೇ ಇಲ್ಲಲ್ಲ ಚಾಚಾ."

ಹೌದು, ಹೇಳಿರಲಿಲ್ಲ. ಬಚ್ಚಿಟ್ಟಿದ್ದನೆಂದಲ್ಲ, ಅವನಿಗೇ ಅದು ನೆನಪಿರಲಿಲ್ಲ. ಕಾಲಿಗೆ ಗೊತ್ತಿತ್ತು, ಕಾಲು ತನ್ನಷ್ಟಕ್ಕೆ ಎಡಕ್ಕೆ ಹೋಗುತ್ತಿತ್ತು.

"ಇನ್ನ ಎಷ್ಟು ಅವ, ಇಂಥಾವ?" ಎಂದು ಕೇಳಿದಳು.

ಅವನು ಹೇಳಲು ಶುರುಮಾಡಿದ. ನಾಲ್ಕನೆಯದರ ಮೊಳೆ ಸಡಿಲು, ಬಲಗೈ ಊರಿಯೇ ದಾಟಬೇಕು. ಒಂಬತ್ತು ಬಿರುಕು ಬಿಟ್ಟಿದೆ, ಮೇಣ ತುಂಬಿದ್ದೇನೆ, ಮಳೆಗಾಲದಲ್ಲಿ ತುಳಿಯಬಾರದು. ಹನ್ನೆರಡಕ್ಕೆ ಉಸಿರು ಬಿಗಿಹಿಡಿಯಬೇಕು, ಆಗ ಇಡೀ ನಿಚ್ಚಣಿಕೆ ಒಂದು ಸಲ ತೂಗುತ್ತದೆ. ಹಿಂದಿನ ಬಲಗಡೆಯ ಗಾಲಿಗೆ ಕಲ್ಲು ಕೊಡಲೇಬೇಕು. ಬೆರಳು ಮಡಚುತ್ತಾ ಹೋದ, ಹನ್ನೊಂದಾದವು. ಹನ್ನೊಂದನ್ನೂ ಅವನು ಪ್ರೀತಿಯಿಂದಲೇ ಹೇಳಿದ, ಮುದಿ ಎತ್ತಿನ ಹಟಗಳನ್ನು ಹೇಳುವ ಹಾಗೆ. ಹೇಳಿ ಮುಗಿಸಿದಾಗ ದಾನೇಶ್ವರಿ ತಲೆ ಎತ್ತಿ ಹದಿನೇಳನ್ನೇ ನೋಡುತ್ತಿದ್ದಳು. ಗಟ್ಟಿ ಇದ್ದದ್ದು ನಿಚ್ಚಣಿಕೆಯಲ್ಲ, ತನ್ನ ರೂಢಿ ಎಂದು ಅವನಿಗೆ ಆಗ ತಿಳಿಯಿತು. ಆ ರೂಢಿಯಂತೂ ಮೇ ತಿಂಗಳಿಗೆ ಮನೆಗೆ ಹೋಗುತ್ತದೆ.

ಮರುದಿನ ಮಧ್ಯಾಹ್ನ ರೊಟ್ಟಿ ತಿಂದು, ಸಾಮಾನಿನ ಕೋಣೆಯಲ್ಲಿ ನಿಚ್ಚಣಿಕೆಯ ಪಕ್ಕ ಗೋಣಿಚೀಲ ಹಾಸಿ ಅಡ್ಡಾದವನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಕುಂಚಾವರಂ ಕಾಡು. ನಿಚ್ಚಣಿಕೆ ಅಲ್ಲಿ ಮರಗಳ ನಡುವೆ ಬೇರುಬಿಟ್ಟು ನಿಂತಿತ್ತು. ಪಾವಟಿಗೆಗಳಿಗೆ ಅಗಲವಾದ ಎಲೆಗಳು ಚಿಗುರಿದ್ದವು, ಎಲೆಗಳ ಸಂದಿಯಲ್ಲಿ ಬೀದಿ ದೀಪಗಳು ಹಣ್ಣಿನ ಹಾಗೆ ತೂಗುತ್ತಿದ್ದವು. ಯಾರೋ ಹತ್ತುತ್ತಿದ್ದರು, ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಹದಿನೇಳು ಎಂದು ಕೂಗಬೇಕೆಂದರೆ ಬಾಯಿ ತೆರೆಯಲೊಲ್ಲದು. ಆ ಹಿಮ್ಮಡಿ ಹದಿನಾರನ್ನು ದಾಟುವಾಗ ಎಚ್ಚರಾಯಿತು. ಮೈಯೆಲ್ಲ ಬೆವರು. ಪಕ್ಕದಲ್ಲಿ ನಿಚ್ಚಣಿಕೆ ಏನೂ ಅರಿಯದಂತೆ ನಿಂತಿತ್ತು.

ಅವನು ಎದ್ದು ನೇರ ಶರಣಕುಮಾರನ ಮೇಜಿಗೆ ಹೋದ. ಸ್ಥಿತಿಯ ಮುಂದೆ "ಹತ್ತಲು ಯೋಗ್ಯವಲ್ಲ" ಎಂದು ಬರೆದ. ದೋಷಗಳಿಗೆ ಬಿಟ್ಟ ಜಾಗ ಎರಡು ಸಾಲಿಗೆ ಮುಗಿಯಿತು. ಹಾಳೆ ತಿರುವಿ ಹಿಂದುಗಡೆ ಹನ್ನೊಂದನ್ನೂ ಬರೆದ. ಕೊನೆಯಲ್ಲಿ ಒಂದು ಸಣ್ಣ ಚೌಕ ಉಳಿದಿತ್ತು: ಕೊನೆಯ ಬಾರಿ ಬಳಸಿದ ದಿನಾಂಕ.

"ಅಲ್ಲಿ ಹಾಕಿದ ತಾರೀಕಿನಿಂದ ಅದನ್ನ ಯಾರೂ ಏರಂಗಿಲ್ಲ, ಕೀಲಿ ಹಾಕಬೇಕಾಗ್ತದ" ಎಂದ ಶರಣಕುಮಾರ. ಆಮೇಲೆ ದನಿ ಇಳಿಸಿ, "ನಿಮಗ ಮೇ ತನಕ ಬೇಕಾದ್ರ ಅದೊಂದು ಖಾಲಿ ಬಿಡ್ರಿ ಚಾಚಾ. ನಿಮ್ಮ ಕೊನೀ ದಿನ ನಾನೇ ತುಂಬ್ತೀನಿ. ಇಷ್ಟು ವರ್ಷ ಏನೂ ಆಗಿಲ್ಲ, ಇನ್ನ ನಾಕು ತಿಂಗಳಿಗೆ ಏನಾಗ್ತದ?"

ಬಾಬುಮಿಯಾನ ಕಣ್ಣ ಮುಂದೆ ಇಪ್ಪತ್ತನಾಲ್ಕನೆಯ ಪಾವಟಿಗೆ ಬಂತು. ಅದರಾಚೆ ಹೊಳೆಯುವ ಗೆರೆ ಬಂತು. ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದ. ಆಮೇಲೆ ನಿನ್ನೆಯ ತಾರೀಕು ಬರೆದ.

"ನಿನ್ನೆ ಆಕಿ ಏರಿದ್ದೇ ಕೊನೀದು" ಎಂದ.

ತಾನು ಕೊನೆಯ ಸಲ ಹತ್ತಿದ್ದು ಯಾವತ್ತು ಎಂದು ಆಮೇಲೆ ನೆನಪು ಮಾಡಿಕೊಂಡ. ಸೋಮವಾರವೋ ಮಂಗಳವಾರವೋ, ಯಾವ ಕಂಬವೋ, ನೆನಪಾಗಲಿಲ್ಲ. ಕೊನೆಯದೆಂದು ಗೊತ್ತಿದ್ದರೆ ನೋಡಿಕೊಳ್ಳುತ್ತಿದ್ದ. ಹತ್ತಿದ ಏಣಿಯನ್ನು ಒದೆಯಬಾರದು ಎನ್ನುತ್ತಾರೆ ಹಿರಿಯರು, ತಾನು ಒದ್ದಂತೆಯೇ ಆಯಿತು ಅನಿಸಿತು. ಸಾಮಾನಿನ ಕೋಣೆಗೆ ಕೀಲಿ ಹಾಕಿ, ಗೋಡೆಯ ಹಿಂದೆ ಹೋಗಿ ನಿಂತು ಅತ್ತ.

ಚೌಕದ ದೀಪ ಹತ್ತಲಿಲ್ಲ. ಒಂದೊಂದಾಗಿ ಬೇರೆ ದೀಪಗಳೂ ಕೆಟ್ಟವು. "ಏನ್ ಬಾಬುಮಿಯಾ, ನೌಕರಿ ಮುಗೀಲಿಕತ್ತದಂತ ಮೈಗಳ್ಳ ಆದಿಯೇನು?" ಎಂದು ಚಹಾದ ಅಂಗಡಿಯಲ್ಲಿ ಅಂದರು. "ನಿಚ್ಚಣಕಿ ಕೆಟ್ಟದ" ಎಂದಷ್ಟೇ ಹೇಳಿದ. ಮಾರ್ಚಿನಲ್ಲಿ ಬಜೆಟ್ ಸಭೆ ನಡೆಯಿತು. ಆನಂದಕುಮಾರ ಎಂಬ ಸದಸ್ಯ ಹಾಳೆಯ ಹಿಂಬದಿಯನ್ನು ಗಟ್ಟಿಯಾಗಿ ಓದಿದ. ಒಂಬತ್ತನೆಯ ದೋಷಕ್ಕೆ ಬರುವಷ್ಟರಲ್ಲಿ ಮೊಬೈಲು ನೋಡುತ್ತಿದ್ದವರೂ ತಲೆ ಎತ್ತಿದ್ದರು. "ಇದ್ರ ಮ್ಯಾಲ ಇಷ್ಟು ವರ್ಷ ಮನಷ್ಯಾನ್ನ ಏರಿಸೀವೇನ್ರಿ ನಾವು?" ಎಂದು ಯಾರೋ ಕೇಳಿದರು. ಲಿಫ್ಟ್ ಗಾಡಿಗೆ ಹಣ ಇಟ್ಟರು. ಸಭೆ ಮುಗಿಸಿ ಕತ್ತಲ ಚೌಕ ದಾಟುವಾಗ ಇಬ್ಬರು ಸದಸ್ಯರು ಎಡವಿದರಂತೆ. ಅದನ್ನು ಕೇಳಿ ಅಮೀರ್ಬೀಗೆ ಭಾರೀ ಸಂತೋಷವಾಯಿತು.

ಗಾಡಿ ಬರುವಷ್ಟರಲ್ಲಿ ಅಕ್ಟೋಬರ್. ಬಾಬುಮಿಯಾ ಮನೆಯಲ್ಲಿ ಕೂತು ಐದು ತಿಂಗಳಾಗಿತ್ತು. ಹೊಸ ಗಾಡಿ ಮೊದಲು ನಿಂತದ್ದು ಅವನ ಮನೆ ಬಾಗಿಲಿಗೆ. ಸ್ಟೇರಿಂಗಿನ ಹಿಂದೆ ಪುರಸಭೆಯ ಡ್ರೈವರ್ ಆಸಿಮ, ಪಕ್ಕದಲ್ಲಿ ದಾನೇಶ್ವರಿ.

"ನಡೀರಿ ಚಾಚಾ, ಚೌಕಕ್ಕ. ನನ್ನ ಕೂಡ ನೀವೂ ಮ್ಯಾಲ ಏರ್ರಿ."

"ಚೌಕದ ತನಕ ಬರ್ತೀನಿ. ನೌಕರಿ ಮುಗದ ಮ್ಯಾಲ ಸರಕಾರಿ ಸಾಮಾನು ಏರಬಾರದು ಬೇಟಿ" ಎಂದ. ಹುಡುಗರಂತೆ ಆಸೆಯಾಗಿತ್ತು. ಆದರೂ ಹಾಗೇ ಹೇಳಿದ. ಅಮೀರ್ಬೀಯೂ ಚಾದರ ಹೊದ್ದು ಹಿಂದೆ ನಡೆದುಬಂದಳು.

ಹೊತ್ತು ಮುಳುಗುತ್ತಿತ್ತು. ದಾನೇಶ್ವರಿ ಸೊಂಟಕ್ಕೆ ಪಟ್ಟಿ ಬಿಗಿದು ಬುಟ್ಟಿಯಲ್ಲಿ ನಿಂತಳು. ಬುಟ್ಟಿ ಸಪ್ಪಳವಿಲ್ಲದೆ ಮೇಲೇರಿತು, ಹದಿನೇಳನ್ನು ದಾಟಿತು, ಇಪ್ಪತ್ತೊಂದನ್ನು ದಾಟಿತು, ಇಪ್ಪತ್ತನಾಲ್ಕನ್ನೂ ದಾಟಿ ಬಂಗಾರದ ಧೂಳಿನೊಳಗೆ ಹೋಯಿತು. ಅವಳು ದೀಪ ಕೂಡಿಸಿದಳು. ಅದು ಹತ್ತಿತು. ಬಾಬುಮಿಯಾನಿಗೆ ತಡೆಯಲಾಗಲಿಲ್ಲ.

"ದಾನೇಶ್ವರೀ! ತೊಗರಿ ಹೊಲದಾಚಿ ನೋಡು. ಏನರೆ ಹೊಳೀತದೇನು?"

ಅವಳು ತಿರುಗಿ ನೋಡಿದಳು. ಹಣೆಗೆ ಕೈ ಅಡ್ಡ ಹಿಡಿದಳು. ಅಮೀರ್ಬೀ ಚಾದರದ ಅಂಚು ಹಲ್ಲಿಗೆ ಕಚ್ಚಿ ನಿಂತಿದ್ದಳು.

"ನೀರು, ಚಾಚಾ!" ಎಂದು ಮೇಲಿನಿಂದ ದನಿ ಬಂತು. "ಹೊಳಿನೇ ಅದ. ತುಂಬಿ ಹರ್ಯಾಕತ್ತದ."

ಅಮೀರ್ಬೀ ಗಂಡನ ಭುಜದ ಧೂಳು ಕೊಡವಿದಳು.

ಆಸಿಮ ಇಣುಕಿ ನೋಡಿದ. ಬಾಬುಮಿಯಾ ಎರಡೂ ಕೈಯಿಂದ ಗಾಡಿಯ ಹಿಂಬದಿಯನ್ನು ಬಿಗಿಯಾಗಿ ಹಿಡಿದು, ಕಾಲು ಅಗಲಿಸಿ ನಿಂತಿದ್ದ.

"ಬಿಡ್ರಿ ಚಾಚಾ, ಇದು ಬೀಳೂದಿಲ್ಲ."

"ಗೊತ್ತದ" ಎಂದ ಬಾಬುಮಿಯಾ. ಅವಳು ಇಳಿದು ನೆಲಕ್ಕೆ ಕಾಲಿಡುವವರೆಗೂ ಬಿಡಲಿಲ್ಲ.